ಕಾಡಿನ ವಕೀಲ ಜಾನ್ ಮ್ಯೂರ್

ಅರ್ಜಿ ಬರೆದು ಫಲವೇನೆಂದು ನಿರಾಶರಾಗುವವರು ಜಾನ್ ಮ್ಯೂರ್ ಅವರ ಚರಿತ್ರೆಯನ್ನು ಅರಿಯಬೇಕು.

ಅವರು ೧೮೩೮ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಜನಿಸಿದರು. ೧೮೪೯ರಲ್ಲಿ ತಂದೆಯೊಡನೆ ಅಮೆರಿಕೆಗೆ ವಲಸೆ ಹೋಗಿ ಹೊಲದಲ್ಲಿ ದುಡಿದು ಬೆಳೆದರು. ೧೮೬೭ರಲ್ಲಿ ಕಾರ್ಖಾನೆಯೊಂದರಲ್ಲಿ ಅರವು ಜಾರಿ ಬಲಗಣ್ಣಿಗೆ ನಾಟಿತು. ದೃಷ್ಟಿ ಮರಳಿದ ಮೇಲೆ ಯಂತ್ರಗಳನ್ನು ತೊರೆದರು. ಮರುವರ್ಷ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯನ್ನು ಸೇರಿ, ಕುರಿ ಕಾಯ್ದು, ಮರ ಕೊಯ್ಯುವ ಗಿರಣಿಯಲ್ಲಿ ದುಡಿದು ಜೀವಿಸಿದರು.

ಕುರಿಮಂದೆಗಳೂ ಕೊಡಲಿಗಳೂ ಆ ಬೆಟ್ಟಗಳನ್ನು ಬೋಳಾಗಿಸುತ್ತಿದ್ದುವು. ಮ್ಯೂರ್ ಲೇಖನಿ ಹಿಡಿದರು. ಸೆಂಚುರಿ ಪತ್ರಿಕೆಯು ಅವರ ಲೇಖನಗಳನ್ನು ಪ್ರಕಟಿಸಿತು. ಅದರ ಸಂಪಾದಕ ಜಾನ್ಸನ್ನರು ವಾಷಿಂಗ್ಟನ್ನಿನಲ್ಲಿ ಶಾಸಕರ ಮನವೊಲಿಸಿದರು. ೧೮೯೦ರಲ್ಲಿ ಕಣಿವೆಯ ಸುತ್ತಣ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಒಬ್ಬನ ಕೂಗು ಸಾಲದೆಂದು ೧೮೯೨ರಲ್ಲಿ ಮಿತ್ರರೊಡನೆ ಸಿಯೆರ ಕ್ಲಬ್ಬನ್ನು ಸ್ಥಾಪಿಸಿ, ಕಡೆಯವರೆಗೂ ಅದರ ಅಧ್ಯಕ್ಷರಾಗಿದ್ದರು. ೧೯೦೩ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೊಡನೆ ಮೂರು ರಾತ್ರಿ ಕಾಡಿನಲ್ಲಿಯೇ ತಂಗಿ ತಮ್ಮ ಮೊರೆಯನ್ನು ಒಪ್ಪಿಸಿದರು. ೧೯೦೬ರಲ್ಲಿ, ರಾಜ್ಯದ ವಶದಲ್ಲಿದ್ದ ಕಣಿವೆಯೂ ಕೇಂದ್ರ ಸರ್ಕಾರಕ್ಕೆ ಸೇರಿತು.

ಕೊನೆಯ ಹೋರಾಟದಲ್ಲಿ ಸೋತರು. ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿ ನೀರು ಪಡೆಯಲು ಸ್ಯಾನ್ ಫ್ರಾನ್ಸಿಸ್ಕೋ ನಗರವು ಅನುಮತಿ ಬೇಡಿತು. ದೇಶದ ಮೂಲೆಮೂಲೆಗಳಿಂದ ಪ್ರತಿಭಟನೆಯ ಕಾಗದಗಳು ವಾಷಿಂಗ್ಟನ್ನಿಗೆ ಹರಿದುವು. ಆದರೂ ೧೯೧೩ರ ಡಿಸೆಂಬರಿನಲ್ಲಿ ಅಧ್ಯಕ್ಷ ವಿಲ್ಸನ್ನರು ಅನುಮತಿಯ ಶಾಸನಕ್ಕೆ ಸಹಿ ಹಾಕಿದರು. ಮರುವರ್ಷ ಡಿಸೆಂಬರ್ ೨೪ರಂದು ಮ್ಯೂರ್ ತೀರಿಕೊಂಡರು.

ಆ ಸೋಲು ವ್ಯರ್ಥವಾಗಲಿಲ್ಲ. ಎಚ್ಚತ್ತ ಜನರ ಒತ್ತಾಯವೂ ಸೇರಿ, ೧೯೧೬ರಲ್ಲಿ ರಾಷ್ಟ್ರೀಯ ಉದ್ಯಾನಗಳ ರಕ್ಷಣೆಗೆಂದೇ ಕೇಂದ್ರ ಇಲಾಖೆಯೊಂದು ಹುಟ್ಟಿತು. ಕಾಡಿಗೆ ಬಾಯಿಲ್ಲ, ಅದರ ಪರವಾಗಿ ಅರ್ಜಿ ಬರೆಯುವ ಕೈಗಳು ಬೇಕು. ಆ ಕೈಗಳನ್ನು ಒಂದುಗೂಡಿಸಿದವರು ಒಂದು ಕಾಲದ ಈ ಗಿರಣಿಯ ಕೆಲಸಗಾರರು.