ಡಾಕ್ಟರ್ ಸೆಮ್ಮೆಲ್‌ವೈಸ್

ದಾದಿಯರೂ ತಾಯಂದಿರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಮಹನೀಯನ ಚರಿತ್ರವನ್ನು ಅರಿತಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

ಇಗ್ನಾಟ್ಸ್ ಸೆಮ್ಮೆಲ್‌ವೈಸನು 1818ರಲ್ಲಿ ಹಂಗೇರಿಯ ಬುಡಾ ಪಟ್ಟಣದಲ್ಲಿ ಜನಿಸಿದನು. 1846ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾದನು. ಅಲ್ಲಿ ಎರಡು ವಾರ್ಡುಗಳಿದ್ದವು. ವೈದ್ಯವಿದ್ಯಾರ್ಥಿಗಳಿದ್ದ ಒಂದನೆಯದರಲ್ಲಿ ಆ ವರ್ಷ ನೂರಕ್ಕೆ 11 ಮಂದಿ ಬಾಣಂತಿಯರು ಮೃತರಾದರು. ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ ನೂರಕ್ಕೆ 3ರೊಳಗೆ. ಒಂದನೆಯದಕ್ಕೆ ಕಳುಹಬೇಡಿರೆಂದು ಬಡ ಗರ್ಭಿಣಿಯರು ಮೊಣಕಾಲೂರಿ ಬೇಡುತ್ತಿದ್ದರು.

1847ರಲ್ಲಿ ಆತನ ಮಿತ್ರನಾದ ಪ್ರಾಧ್ಯಾಪಕ ಕೊಲೆಚ್ಕಾ ಎಂಬವನು ಶವಪರೀಕ್ಷೆಯ ಕತ್ತಿಯಿಂದಾದ ಗಾಯದಿಂದಲೇ ತೀರಿಕೊಂಡನು. ಆ ದೇಹದಲ್ಲಿಯೂ ಬಾಣಂತಿಯರ ರೋಗದ ಲಕ್ಷಣಗಳೇ ಕಂಡವು. ಹೆಣ ಕೊಯ್ದ ಕೈಗಳೇ ತಾಯಂದಿರಿಗೆ ವಿಷವನ್ನೊಯ್ಯುತ್ತಿದ್ದವೆಂದು ಸೆಮ್ಮೆಲ್‌ವೈಸನಿಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನಿನಲ್ಲಿ 2ಕ್ಕೆ ಇಳಿಯಿತು.

ಹಿರಿಯ ವೈದ್ಯರನೇಕರು ಇದನ್ನು ಒಪ್ಪಲಿಲ್ಲ. ತಮ್ಮ ಕೈ ಮಲಿನವೆಂದರೆ ಯಾರು ತಾನೇ ಸಹಿಸಿಯಾರು? ಆತನಾದರೋ, ಬಹಳವಾಗಿ ಶವಪರೀಕ್ಷೆ ಮಾಡಿದ ತಾನೂ ಅನೇಕರ ಸಾವಿಗೆ ಕಾರಣನೆಂದು 1861ರ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಇದೇ ಆತನ ಹಿರಿಮೆಯೆಂದು ನಮಗೆ ತೋರುತ್ತದೆ. ವಿರೋಧಿಗಳಿಗೆ ಬರೆದ ಪತ್ರಗಳಲ್ಲಿ ಮಾತ್ರ ತಾಳ್ಮೆಗೆಟ್ಟನು.

1865ರ ಆಗಸ್ಟಿನಲ್ಲಿ ವಿಯೆನ್ನಾದ ಹುಚ್ಚಾಸ್ಪತ್ರೆಯೊಂದರಲ್ಲಿ, ಗಾಯವು ಕೀವುಗಟ್ಟಿ ರಕ್ತಕ್ಕೆ ವಿಷವೇರಿ ಆತನು ಮೃತನಾದನು. ಅದೇ ತಿಂಗಳು ಗ್ಲಾಸ್ಗೋ ಪಟ್ಟಣದಲ್ಲಿ ಲಿಸ್ಟರನು ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಬಟ್ಟೆಯನ್ನು ಕಟ್ಟುತ್ತಿದ್ದನು.