ಸೈಲೆನ್ಸರಿನ ಜನಕ ಹೈರಮ್ ಪರ್ಸಿ ಮ್ಯಾಕ್ಸಿಂ

ತಂದೆ ಸದ್ದನ್ನು ಸೃಷ್ಟಿಸಿ ಮಗ ಅದನ್ನು ಅಡಗಿಸಿದ ಮನೆತನಗಳು ಲೋಕದಲ್ಲಿ ವಿರಳ. ಅಮೆರಿಕದ ಮ್ಯಾಕ್ಸಿಂ ಮನೆತನ ಅಂತಹುದು. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಂ 1884ರ ಸುಮಾರಿಗೆ ಲಂಡನ್ನಿನಲ್ಲಿ, ತಾನಾಗಿಯೇ ಗುಂಡು ತುಂಬಿಕೊಂಡು ನಿಮಿಷಕ್ಕೆ ನೂರಾರು ಗುಂಡುಗಳನ್ನು ಹಾರಿಸುವ ಯಂತ್ರಕೋವಿಯನ್ನು ನಿರ್ಮಿಸಿದರು. ಆಫ್ರಿಕದಲ್ಲಿ ಅದು ನಡೆಸಿದ ಸಂಹಾರ ಇತಿಹಾಸಪ್ರಸಿದ್ಧ. 1901ರಲ್ಲಿ ಅವರಿಗೆ ಸರ್ ಪದವಿ ಲಭಿಸಿತು. ಕೋವಿಗಳ ಬಳಿಯಲ್ಲೇ ಬಹುಕಾಲ ಕಳೆದುದರ ಫಲವಾಗಿ ಕಿವುಡೂ ಪ್ರಾಪ್ತವಾಯಿತು.

ಮಗ ಹೈರಮ್ ಪರ್ಸಿ ಜನಿಸಿದುದು 1869ರ ಸೆಪ್ಟೆಂಬರ್ 2ರಂದು, ಬ್ರೂಕ್ಲಿನ್ನಿನಲ್ಲಿ. ಆತನಿಗೆ ಹನ್ನೆರಡು ತುಂಬುವ ವೇಳೆಗೆ ತಂದೆ ಸಂಸಾರವನ್ನು ಬಿಟ್ಟು ಯೂರೋಪಿಗೆ ತೆರಳಿದರು. ಕೀರ್ತಿ ಅಲ್ಲಿ ಬೆಳೆಯಿತು, ಬಾಲಕ ಇಲ್ಲಿ ತಾಯಿಯ ಬಳಿ ಬೆಳೆದ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಈ ಬಾಲಕನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. 1886ರಲ್ಲಿ, ಹದಿನೇಳು ತುಂಬುವ ಮೊದಲೇ, ಆತ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಿಂದ ಇಂಜಿನಿಯರನಾಗಿ ಹೊರಬಂದ.

ಲಿನ್ ಎಂಬ ಊರಿನ ಗುಂಡಿನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದಾಗ, ರಾತ್ರಿಯ ಹೊತ್ತು ಸೈಕಲ್ ತುಳಿದು ಬರುತ್ತಾ, ಕಾಲಿನ ಕೆಲಸವನ್ನು ಯಂತ್ರವೊಂದು ಮಾಡಬಾರದೇಕೆ ಎಂಬ ಯೋಚನೆ ಅವರಿಗೆ ಹೊಳೆಯಿತು. ಪೆಟ್ರೋಲಿನ ಗುಣವನ್ನು ತಿಳಿಯಲು ಖಾಲಿ ತೋಟಾದೊಳಗೆ ಅದರ ಹನಿಗಳನ್ನು ಹಾಕಿ ಬೆಂಕಿ ತಗುಲಿಸಿದರು. ಸ್ಫೋಟದ ರಭಸ ಕಂಡು ಅವರೇ ಬೆಚ್ಚಿದರು. ಆದರೂ ಹಿಮ್ಮೆಟ್ಟದೆ ಇಂಜಿನನ್ನು ರಚಿಸಿ ಮೂರು ಚಕ್ರದ ಗಾಡಿಗೆ ಅಳವಡಿಸಿದರು. 1895ರಲ್ಲಿ ಹಾರ್ಟ್‌ಫರ್ಡಿನ ಪೋಪ್ ಸೈಕಲ್ ಕಂಪನಿ ಅವರನ್ನು ಮೋಟರು ವಿಭಾಗಕ್ಕೆ ಕರೆದುಕೊಂಡಿತು. ಕಂಪನಿಯ ಯಜಮಾನರಿಗೆ ಮಾತ್ರ ಸ್ಫೋಟದ ಮೇಲೆ ಕುಳಿತು ಸಂಚರಿಸುವುದು ರುಚಿಸದೆ, ನಿಶ್ಶಬ್ದವಾದ ವಿದ್ಯುತ್ ಗಾಡಿಗಳ ಕಡೆಗೇ ಒಲವಿತ್ತು. ಒಂದು ಶತಮಾನಕ್ಕೂ ಮಿಕ್ಕಿ ಕಳೆದ ಬಳಿಕ ಚೆನ್ನೈಯ ಬೀದಿಗಳಲ್ಲಿ ವಿದ್ಯುತ್ ಸ್ಕೂಟರುಗಳು ಸುಳಿದಾಡುವುದನ್ನು ಕಂಡರೆ, ಆ ಯಜಮಾನರು ಅಷ್ಟೇನೂ ಅವಿವೇಕಿಗಳಲ್ಲವೆಂದು ತೋರುತ್ತದೆ.

ಸ್ನಾನದ ತೊಟ್ಟಿಯ ನೀರು ಸುಳಿಸುಳಿಯಾಗಿ ತಿರುಗುತ್ತಾ ಸದ್ದಿಲ್ಲದೆ ಇಳಿದು ಹೋಗುವುದನ್ನು ನೋಡಿದಾಗ ಮ್ಯಾಕ್ಸಿಂ ಅವರಿಗೆ ಸೈಲೆನ್ಸರಿನ ಉಪಾಯ ಹೊಳೆಯಿತೆಂದು ಪ್ರತೀತಿ. ಅನಿಲವನ್ನೂ ಹಾಗೆಯೇ ಸುತ್ತಿಸಿ ನಿಧಾನಗೊಳಿಸಿದರೆ ಸದ್ದು ಅಡಗಬೇಕಷ್ಟೆ. ಅಡಿಗೆಮನೆಯಲ್ಲಿ ದುಡಿಯುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕುಕ್ಕರಿನ ಭಾರವನ್ನು ಒಮ್ಮೆಲೇ ಎತ್ತಿದರೆ ಹಬೆ ಬುಸುಗುಟ್ಟಿ ನುಗ್ಗುತ್ತದೆ. ಆರಲು ಬಿಟ್ಟರೆ ತೆಪ್ಪಗೆ ಹೋಗುತ್ತದೆ. ಇಂಜಿನಿನಲ್ಲಿ ಬಿಸಿ ಅನಿಲ ಒತ್ತಡದಿಂದ ಒಮ್ಮೆಲೇ ಹೊರಗೆ ಚಿಮ್ಮುವುದೇ ಸದ್ದು. ಒಂದೇ ಸಿಲಿಂಡರಿನ ಬುಲೆಟ್ ಮೋಟರ್ ಸೈಕಲಿನಲ್ಲಿ ಎರಡು ಸುತ್ತಿಗೊಂದು ಸ್ಫೋಟ. ನಿಮಿಷಕ್ಕೆ 3000 ಸುತ್ತಾದರೆ ಸೆಕೆಂಡಿಗೆ 25 ಸ್ಫೋಟ. ಸೈಲೆನ್ಸರಿನೊಳಗೆ ಈ ಅನಿಲ ಕೋಣೆಯಿಂದ ಕೋಣೆಗೆ, ರಂಧ್ರದಿಂದ ರಂಧ್ರಕ್ಕೆ ಹಾಯ್ದು, ಹರಡಿ, ತಣಿದು ಹೊರಬರುತ್ತದೆ. ಗೋಡೆಗೆ ಬಡಿದು ಮರಳುವ ಅಲೆ ಎದುರು ಬರುವ ಅಲೆಯನ್ನು ಕೊಂಚಮಟ್ಟಿಗೆ ಅಳಿಸುವುದೂ ಉಂಟು.

1955ರಲ್ಲಿ ಮದರಾಸಿನಲ್ಲಿ ಜೋಡಣೆಗೆ ತೊಡಗಿದ ಬುಲೆಟ್ ಇಂದಿಗೂ ಈ ನಗರದ ಹೆಮ್ಮೆ. ಅದರ ಸೈಲೆನ್ಸರನ್ನು ಕಿತ್ತು ನಡುರಾತ್ರಿ ಬೀದಿಯನ್ನು ನಡುಗಿಸುವ ತರುಣರ ಶೌರ್ಯವನ್ನು ಮಾತ್ರ ಹೊಗಳುವಂತಿಲ್ಲ. ಹನ್ನೊಂದಕ್ಕೆ ಬಾಗಿಲು ಮುಚ್ಚಿ, ಮಹಡಿಯ ಮೇಲೆ ಚಾಪೆ ಹಾಸಿ, ನಾಲ್ಕಕ್ಕೆ ಎದ್ದು ಇಡ್ಲಿಗೆ ಒಲೆ ಹೊತ್ತಿಸಬೇಕಾದ ಹುಡುಗನ ನಿದ್ರೆಗೆ ಬೆಲೆಯಿಲ್ಲವೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ.

ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬುಕಿ ಎಂಬವರು ವ್ಯರ್ಥವಾಗುವ ಅನಿಲದಿಂದಲೇ ಚಕ್ರ ತಿರುಗಿಸಿ ಇಂಜಿನಿಗೆ ಗಾಳಿ ತುಂಬುವ ಟರ್ಬೋಚಾರ್ಜರಿಗೆ 1905ರಲ್ಲಿ ಪೇಟೆಂಟ್ ಪಡೆದರು. ಇಪ್ಪತ್ತು ವರ್ಷಗಳ ಬಳಿಕ ಜರ್ಮನಿಯ ಎರಡು ಹಡಗುಗಳಲ್ಲಿ 1750 ಅಶ್ವಶಕ್ತಿಯ ಇಂಜಿನು ಇದರಿಂದ 2500ಕ್ಕೆ ಏರಿತು. ಚಕ್ರ ತಿರುಗಿಸುವಲ್ಲಿ ಅನಿಲದ ರಭಸ ಕುಗ್ಗುವುದರಿಂದ ಸದ್ದೂ ಕುಗ್ಗುತ್ತದೆ. ಚಕ್ರದ ಸಣ್ಣ ಕೀರಲು ಉಳಿಯುತ್ತದೆ, ಅಷ್ಟೆ.

ಮ್ಯಾಕ್ಸಿಂ ಅವರ ಕೋವಿಯ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟ್ ದೊರೆಯಿತು. ಸದ್ದಿನಿಂದ ನೆರೆಹೊರೆಯವರಿಗೆ ತೊಂದರೆಯಾಗದಿರಲೆಂಬುದು ಅವರ ಉದ್ದೇಶ. ಆದರೆ ಘಾತುಕರ ಕೈಗೂ ಅದು ಸೇರೀತೆಂಬ ಭೀತಿ ಹಬ್ಬಿತು. 1934ರಲ್ಲಿ ಸರಕಾರ ಅದರ ಮೇಲೆ 200 ಡಾಲರ್ ತೆರಿಗೆ ಹೇರಿತು. ಅವರ ಕಂಪನಿ ಇಂಜಿನು ಮತ್ತು ಕಾರ್ಖಾನೆಯ ಯಂತ್ರಗಳ ಸೈಲೆನ್ಸರುಗಳನ್ನು ತಯಾರಿಸಿ ಬಾಳಿತು.

ವಿಚಿತ್ರವೆಂದರೆ, ಸದ್ದಡಗಿಸಿದ ಈ ಪುರುಷನಿಗೆ ದೂರದವರ ದನಿ ಕೇಳುವ ಹಂಬಲ ಬಲವಾಗಿತ್ತು. 1914ರಲ್ಲಿ ಹಾರ್ಟ್‌ಫರ್ಡಿನಿಂದ ಸುಮಾರು ಮೂವತ್ತು ಮೈಲು ದೂರದ ಸ್ಪ್ರಿಂಗ್‌ಫೀಲ್ಡಿಗೆ ಅವರ ರೇಡಿಯೋ ಸಂದೇಶ ತಲುಪದಾಯಿತು. ನಡುವಿನ ಊರಿನ ಹವ್ಯಾಸಿಯೊಬ್ಬರಿಂದ ದಾಟಿಸಿಕೊಂಡರು. ಅದರಿಂದಲೇ ಕೈಯಿಂದ ಕೈಗೆ ಸಂದೇಶ ಸಾಗಿಸುವ ಅಮೆರಿಕದ ಹವ್ಯಾಸಿ ರೇಡಿಯೋ ಸಂಘ ಹುಟ್ಟಿತು. ನಮ್ಮ ಮದರಾಸಿನಲ್ಲಿ ರೇಡಿಯೋ ಕ್ಲಬ್ಬು ಸ್ಥಾಪನೆಯಾದುದು ಹತ್ತು ವರ್ಷಗಳ ಅನಂತರ, 1924ರಲ್ಲಿ.

ಮ್ಯಾಕ್ಸಿಂ 1936ರ ಫೆಬ್ರವರಿ 17ರಂದು, ಪ್ರಯಾಣದ ನಡುವೆ ಅಸ್ವಸ್ಥರಾಗಿ, ಕೊಲರಾಡೋದ ಲಾ ಹುಂಟಾದಲ್ಲಿ ನಿಧನ ಹೊಂದಿದರು. ಬಾಲ್ಯದಲ್ಲಿ ಅಗಲಿಹೋದ ತಂದೆಯ ಕುರಿತು ಅವರು ಪ್ರೀತಿಯಿಂದಲೂ ನಗೆಯಿಂದಲೂ ಬರೆದ ಪುಸ್ತಕ ಆ ವರ್ಷವೇ ಪ್ರಕಟವಾಯಿತು. ಅವರ ಸ್ಮಾರಕವಾಗಿ 1938ರಲ್ಲಿ ಆರಂಭವಾದ ಡಬ್ಲ್ಯು ಒನ್ ಎ ಡಬ್ಲ್ಯು ರೇಡಿಯೋ ನಿಲಯ ಇಂದಿಗೂ ಸಂದೇಶ ಕಳುಹಿಸುತ್ತಿದೆ.