ಜಗದೀಶ್ ಚಂದ್ರ ಬೋಸ್ ಮತ್ತು ಮುಟ್ಟಿಯೂ ಮುಟ್ಟದ ಲೋಹ

ಹೋದ ತಿಂಗಳು ಮೀಟರ್ ಬ್ರಿಜ್ ಪ್ರಯೋಗದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ. ನಾನೂ ನನ್ನ ಜೊತೆಗಾರನೂ ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ಸರ್ ಬಂದು ಪ್ಲಗ್ ಕೀ ತೆಗೆದು, ಕಿಲುಬನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಮತ್ತೆ ಬಿಗಿದರು. ಮುಳ್ಳು ನಿಂತಿತು. ಲೋಹ ಲೋಹವನ್ನು ಮುಟ್ಟುವುದು ಅಷ್ಟು ಸುಲಭವಲ್ಲ, ಬೋಸರ ಬಗ್ಗೆ ಓದಿ ಎಂದರು. ಗಿಡಗಳ ಮೇಲೆ ಸಂಶೋಧನೆ ಮಾಡಿದವರು ಎಂದಷ್ಟೇ ನಮಗೆ ಗೊತ್ತಿತ್ತು.

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗಿನ ಬಾಂಗ್ಲಾದೇಶದಲ್ಲಿ. ತಂದೆ ಭಗವಾನ್ ಚಂದ್ರರು ಸರಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಹಾಕಿದರು. ಅಲ್ಲಿ ತಂದೆಯ ಕೈಕೆಳಗಿದ್ದ ಮುಸ್ಲಿಂ ಜವಾನನ ಮಗ, ಮೀನುಗಾರನ ಮಗ ಇವರ ಪಕ್ಕ ಕೂತು ಕಲಿತರು. ಹತ್ತನೇ ತನಕ ನಾನು ಕನ್ನಡ ಮಾಧ್ಯಮ, ಜೊತೆಗಾರ ಉರ್ದು ಮಾಧ್ಯಮ. ಈಗ ಇಂಗ್ಲಿಷ್ ಪುಸ್ತಕದ ಮುಂದೆ ತಡವರಿಸುತ್ತೇವೆ. ಈ ಪುಟವನ್ನು ಇಬ್ಬರೂ ಎರಡೆರಡು ಸಲ ಓದಿದೆವು.

ಕೇಂಬ್ರಿಜ್‌ನಲ್ಲಿ ಓದಿ ಬಂದು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಎಂದಾಗ ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು. ಕೊನೆಗೆ ಪೂರ್ತಿ ಬಾಕಿ ಕೈಗೆ ಬಂತು. ಲ್ಯಾಬ್ ಎಂದರೆ ಒಂದು ಪುಟ್ಟ ಕೋಣೆ. ತಗಡಿನ ಕೆಲಸದವನೊಬ್ಬನಿಗೆ ಹೇಳಿಕೊಟ್ಟು ಉಪಕರಣ ಮಾಡಿಸಿದರು. 1895ರಲ್ಲಿ ತಂತಿಯಿಲ್ಲದೆ ಗೋಡೆ ದಾಟಿಸಿ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು.

ಅಲೆ ಬಂದದ್ದು ಗೊತ್ತಾಗುವುದು ಹೇಗೆ? ಆಗ ಗಾಜಿನ ಕೊಳವೆಯಲ್ಲಿ ಕಬ್ಬಿಣದ ಪುಡಿ ತುಂಬುತ್ತಿದ್ದರು. ಅಲೆ ತಾಗಿದರೆ ಪುಡಿ ಒಂದಕ್ಕೊಂದು ಅಂಟಿ ಕರೆಂಟು ಹರಿಯುತ್ತದೆ. ಅಂದರೆ ಅದು ರೇಡಿಯೋ ಅಲೆಯೇ ಒತ್ತುವ ಸ್ವಿಚ್ಚು. ಆದರೆ ಪ್ರತಿ ಸಲ ಕೊಳವೆ ತಟ್ಟಿ ಬಿಡಿಸಬೇಕು, ಬಂಗಾಳದ ತೇವದ ಹವೆಗೆ ಪುಡಿ ಕೆಡುತ್ತಿತ್ತು. ಬೋಸ್ ಪುಡಿ ಬಿಟ್ಟು ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಸಾಲಾಗಿ ಜೋಡಿಸಿ, ಎಷ್ಟು ಒತ್ತಬೇಕೆಂಬುದನ್ನು ಸ್ಕ್ರೂ ತಿರುಗಿಸಿ ಹದ ಮಾಡಿದರು. 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳ ಮೇಲೂ, ಅಂದರೆ 60 ಗಿಗಾಹರ್ಟ್ಸ್‌ನಲ್ಲೂ ಕೆಲಸ ಮಾಡಿದರು. 1899ರಲ್ಲಿ ಕಬ್ಬಿಣ, ಪಾದರಸ, ನಡುವೆ ಎಣ್ಣೆಯ ತೆಳು ಪದರ ಇರುವ ಗ್ರಾಹಕವನ್ನು ವಿವರಿಸಿದರು. ಅದನ್ನು ತಟ್ಟಬೇಕಾಗಿಲ್ಲ, ತಾನೇ ಬಿಡುತ್ತದೆ.

ಈಗ ರೇಡಿಯೋ ಸರ್ಕ್ಯೂಟಿಗೆ ಕೂದಲೆಳೆಗಿಂತ ಸಪೂರವಾದ ಸ್ವಿಚ್ಚುಗಳಿವೆ. ಸಿಲಿಕಾನ್ ಬಿಲ್ಲೆಯ ಮೇಲೆ ಛಜ್ಜೆಯ ಹಾಗೆ ಚಾಚಿದ ಲೋಹದ ಪಟ್ಟಿ. ವೋಲ್ಟೇಜು ಕೊಟ್ಟರೆ ಬಾಗಿ ಕೆಳಗಿನ ಲೋಹಕ್ಕೆ ತಾಗುತ್ತದೆ, ತೆಗೆದರೆ ಏಳುತ್ತದೆ. ಏಳದೆ ಅಂಟಿಕೊಂಡರೆ ಕೆಟ್ಟಿತು. ಒತ್ತಡ ಸಾಲದಿದ್ದರೆ ಸಂಪರ್ಕ ಸರಿಯಾಗದು. ತೆರೆದಾಗ ಅಂತರ ಕಡಿಮೆಯಾದರೆ ಸಂಕೇತ ಸೋರುತ್ತದೆ. ಬೋಸರ ಸ್ಕ್ರೂವಿನ ತಕರಾರೇ ಇದು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಸೂಕ್ಷ್ಮ ಸಾಧನಗಳ ಸಂಶೋಧನೆ ನಡೆದಿದೆ. ಜೇವರ್ಗಿಯಿಂದ ಅದು ಒಂದು ರಾತ್ರಿ ಬಸ್ಸಿನ ದಾರಿ.

ಬೋಸ್ 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು.

ನಮ್ಮ ಪ್ರಯೋಗದ ರೆಕಾರ್ಡಿಗೆ ಇನ್ನೂ ಸಹಿ ಬಿದ್ದಿಲ್ಲ. ಮುಂದಿನ ಪ್ರಾಕ್ಟಿಕಲ್‌ಗೆ ಜೊತೆಗಾರ ಸ್ಯಾಂಡ್ ಪೇಪರ್ ತರುತ್ತೇನೆಂದಿದ್ದಾನೆ.